ಗಾಜು, ಪರದೆ, ಮೆಟ್ಟಿಲು: ನನ್ನ ರೋಬಾಟ್‌ಗೆ ಸೆನ್ಸರ್ ಅಳವಡಿಸಿದ ಅನುಭವ

ಕಟ್ಟಡದ ಒಳಗೆ ಸಾಮಾನು ಸಾಗಿಸುವ ಚಿಕ್ಕ ಚಕ್ರದ ರೋಬಾಟ್ ಒಂದನ್ನು ಕಟ್ಟುವಾಗ ನನ್ನ ಹೆಚ್ಚಿನ ಶ್ರಮ ಸಂದದ್ದು ಮೋಟಾರುಗಳಿಗಲ್ಲ, ಸೆನ್ಸರ್‌ಗಳಿಗೆ. ಪ್ರತಿಯೊಂದು ಸೆನ್ಸರ್ ಏನನ್ನು ಕಾಣಲಾರದು ಎಂಬುದನ್ನು ಮೊದಲು ಬರೆದಿಟ್ಟುಕೊಂಡು, ಆ ಕೊರತೆಯನ್ನು ತುಂಬುವಂಥ ಇನ್ನೊಂದನ್ನು ಅದರ ಜೊತೆಗೆ ಜೋಡಿಸುತ್ತ ಹೋದೆ.

ಮೇಲ್ಭಾಗದಲ್ಲಿ ಸುತ್ತುವ ಲೇಸರ್ ಲಿಡಾರ್ ಗೋಡೆಗಳ ದೂರವನ್ನು ಸೊಗಸಾಗಿ ಅಳೆಯುತ್ತದೆ. ಆದರೆ ತಿಳಿಗಾಜಿನ ಮೂಲಕ ಬೆಳಕು ಹಾದುಹೋಗುವುದರಿಂದ, ಗಾಜಿನ ಬಾಗಿಲಿನ ಬದಲು ಅದರ ಹಿಂದಿನ ಗೋಡೆಯನ್ನೇ ಅದು ತೋರಿಸುವುದುಂಟು. ಶಬ್ದ ಗಾಜಿಗೆ ಬಡಿದು ಚೆನ್ನಾಗಿ ಮರಳುತ್ತದೆ. ಆದ್ದರಿಂದ ಮುಂಭಾಗದಲ್ಲಿ ಮೂರು ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್‌ಗಳನ್ನು ಕೂರಿಸಿದೆ. ಇವು 40 ಕಿಲೋಹರ್ಟ್ಸ್ ಶಬ್ದವನ್ನು ಹೊರಡಿಸಿ, ಪ್ರತಿಧ್ವನಿ ಮರಳಲು ಹಿಡಿದ ಸಮಯವನ್ನು ತಿಳಿಸುತ್ತವೆ. ಅದನ್ನು ಶಬ್ದದ ವೇಗದಿಂದ ಗುಣಿಸಿ ಅರ್ಧ ಮಾಡಿದರೆ ದೂರ ಸಿಗುತ್ತದೆ. ಆ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಇದ್ದರೆ, 35 ಡಿಗ್ರಿಯಲ್ಲಿ ಸುಮಾರು 352. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಬೇಸಿಗೆಯಲ್ಲಿ 3 ಮೀಟರ್ ದೂರದ ಗೋಡೆ ಸುಮಾರು 8 ಸೆಂಟಿಮೀಟರ್ ಹತ್ತಿರ ಇರುವಂತೆ ಕಾಣುತ್ತದೆ; ಹಾಗಾಗಿ ಉಷ್ಣತೆ ಅಳೆಯುವ ಸೆನ್ಸರ್ ಒಂದನ್ನೂ ಸೇರಿಸಿದೆ. ಒಂದರ ಪ್ರತಿಧ್ವನಿಯನ್ನು ಇನ್ನೊಂದು ತನ್ನದೆಂದು ಎಣಿಸದಂತೆ, ಮೂರನ್ನೂ ಒಟ್ಟಿಗೆ ನಡೆಸದೆ, 60 ಮಿಲಿಸೆಕೆಂಡುಗಳ ಅಂತರದಲ್ಲಿ ಒಂದಾದ ಮೇಲೊಂದರಂತೆ ನಡೆಸುತ್ತೇನೆ.

ಶಬ್ದಕ್ಕೂ ಅದರದೇ ಮಿತಿಗಳಿವೆ: ದಪ್ಪ ಬಟ್ಟೆಯ ಪರದೆ ಅದನ್ನು ಹೀರಿಕೊಳ್ಳುತ್ತದೆ, ಓರೆಯಾಗಿ ನಿಂತ ನುಣುಪು ಹಲಗೆ ಅದನ್ನು ಬೇರೆ ದಿಕ್ಕಿಗೆ ಚಿಮ್ಮಿಸುತ್ತದೆ. ಇಂಥ ಕಡೆ ಲಿಡಾರ್ ನೆರವಿಗೆ ಬರುತ್ತದೆ. ಇವೆರಡರಲ್ಲಿ ಯಾವುದೇ ಒಂದು ಅಡ್ಡಿಯನ್ನು ಸೂಚಿಸಿದರೂ ರೋಬಾಟ್ ನಿಲ್ಲಬೇಕು, ದಾರಿ ತೆರವಾಗಿದೆ ಎಂದು ಎರಡೂ ಹೇಳಿದಾಗ ಮಾತ್ರ ಮುಂದೆ ಸಾಗಬೇಕು ಎಂಬ ನಿಯಮವನ್ನು ಪ್ರೋಗ್ರಾಮಿನಲ್ಲಿ ಇಟ್ಟಿದ್ದೇನೆ. ಸರಾಸರಿ ತೆಗೆಯುವುದು ಇಲ್ಲಿ ಅಪಾಯಕರವೆಂದೇ ನನ್ನ ಖಚಿತ ಅಭಿಪ್ರಾಯ.

ಸರಾಸರಿಯಂಥ ಲೆಕ್ಕ ಒಪ್ಪುವುದು ರೋಬಾಟ್ ತನ್ನ ಸ್ಥಾನವನ್ನು ಅಂದಾಜಿಸುವಾಗ. ಚಕ್ರ ಜಾರಿದರೆ ಅದರ ಸುತ್ತುಗಳನ್ನು ಎಣಿಸುವ ಎನ್‌ಕೋಡರ್ ತಪ್ಪುತ್ತದೆ, ಹೊತ್ತು ಕಳೆದಂತೆ ತಿರುವನ್ನು ಅಳೆಯುವ ಗೈರೋಸ್ಕೋಪಿನ ದಿಕ್ಕು ಮೆಲ್ಲಗೆ ಸರಿಯುತ್ತದೆ; ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಫಿಲ್ಟರ್ ಎಂಬ ಲೆಕ್ಕದ ವಿಧಾನ ಎರಡನ್ನೂ ಅವುಗಳ ವಿಶ್ವಾಸಾರ್ಹತೆಗೆ ತಕ್ಕಂತೆ ತೂಗಿ ಸೇರಿಸುತ್ತದೆ.

ಕೆಳಗಿಳಿಯುವ ಮೆಟ್ಟಿಲುಗಳಿಗಾಗಿ ನೆಲದತ್ತ ಮುಖ ಮಾಡಿದ ಇನ್‌ಫ್ರಾರೆಡ್ ಸೆನ್ಸರ್ ಇದೆ. ಕಪ್ಪು ನೆಲಹಾಸಿನಿಂದ ಬೆಳಕು ಸಾಕಷ್ಟು ಮರಳದಿದ್ದರೆ ಅದನ್ನೂ ಹಳ್ಳವೆಂದೇ ತಿಳಿದು ರೋಬಾಟ್ ನಿಲ್ಲುತ್ತದೆ. ಆ ನಡವಳಿಕೆಯನ್ನು ನಾನು ಬದಲಿಸಿಲ್ಲ.