ಪಕ್ಕದ ಹೊಲವನ್ನೂ ಮಹಜರಿನಲ್ಲಿ ಬರೆಸಿ

ನಾನು ದಾವಣಗೆರೆಯಲ್ಲಿ ವಕೀಲಿ ಶುರು ಮಾಡಿದಾಗ ರೈತರು ತರುತ್ತಿದ್ದ ಕೇಸುಗಳೆಲ್ಲ ಪಾಲು, ದಾರಿ, ಬದುವಿನ ತಕರಾರು. ಬೀಜ ಕೈಕೊಟ್ಟಿತು ಅಂತ ಯಾರೂ ಬರುತ್ತಿರಲಿಲ್ಲ. ಹಾಗಂತ ಬೀಜವೆಲ್ಲ ಚೆನ್ನಾಗಿತ್ತು ಅಂತಲ್ಲ. ಮಳೆಯನ್ನೋ ಹಣೆಬರಹವನ್ನೋ ಬೈದುಕೊಂಡು ಸುಮ್ಮನಾಗುತ್ತಿದ್ದರು. ಈಗ ನನ್ನ ಕೆಲಸದಲ್ಲಿ ದೊಡ್ಡ ಪಾಲು ಬೀಜದ ಕೇಸುಗಳದ್ದೇ. ಇವನ್ನು ಹೇಗೆ ನಡೆಸುತ್ತೇನೆ ಅಂತ ಬರೆದಿಟ್ಟರೆ ಬೇರೆ ತಾಲ್ಲೂಕಿನ ವಕೀಲರಿಗೆ, ರೈತ ಸಂಘದ ಹುಡುಗರಿಗೆ ಉಪಯೋಗಕ್ಕೆ ಬಂದೀತು.

ಮುಂಗಾರಿನಲ್ಲಿ ಜಗಳೂರು, ಭರಮಸಾಗರ, ಹೊಳಲ್ಕೆರೆ ಕಡೆ ಹೋದರೆ ಎತ್ತ ನೋಡಿದರೂ ಮೆಕ್ಕೆಜೋಳ. ಹೆಚ್ಚಿನದು ಹೈಬ್ರಿಡ್. ಮನೆಯ ಕಾಳನ್ನೇ ಮತ್ತೆ ಬಿತ್ತಿದರೆ ಅದೇ ಇಳುವರಿ ಬರಲ್ಲ, ಹಾಗಾಗಿ ಪ್ರತಿ ವರ್ಷ ಅಂಗಡಿಯಿಂದಲೇ ತರಬೇಕು. ಪಾಕೀಟಿನ ಮೇಲೆ ಬರೆದದ್ದನ್ನು ನಂಬಿಯೇ ರೈತ ಬಿತ್ತುತ್ತಾನೆ. ಆ ಮಾತು ಸುಳ್ಳಾದರೆ ನಷ್ಟವೆಲ್ಲ ಅವನೊಬ್ಬನ ತಲೆ ಮೇಲೆ ಬೀಳಬಾರದು. ನನ್ನ ವಾದ ಇಷ್ಟೇ.

ಕಾನೂನು ರೈತರ ಕಡೆಗೇ ಇದೆ. ರಾಷ್ಟ್ರೀಯ ಬೀಜ ನಿಗಮಕ್ಕೂ ಆಂಧ್ರದ ರೈತರಿಗೂ ನಡೆದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ರೈತನೂ ಗ್ರಾಹಕನೇ, 1966ರ ಬೀಜ ಕಾಯ್ದೆ ಇದೆ ಅಂತ ಗ್ರಾಹಕರ ವೇದಿಕೆಯ ಬಾಗಿಲು ಮುಚ್ಚುವ ಹಾಗಿಲ್ಲ ಅಂತ ಅದರಲ್ಲಿದೆ. ಇನ್ನೊಂದು ಮುಖ್ಯ ಮಾತೂ ಇದೆ. ಬಿತ್ತುವ ರೈತ ಲ್ಯಾಬಿಗೆ ಅಂತ ಒಂದು ಹಿಡಿ ಬೀಜ ಎತ್ತಿಡಬೇಕು ಅಂತ ನಿರೀಕ್ಷಿಸುವುದು ಸರಿಯಲ್ಲ, ಪರೀಕ್ಷೆ ಬೇಕಿದ್ದರೆ ಅದೇ ಲಾಟಿನ, ಅಂದರೆ ಒಟ್ಟಿಗೆ ತಯಾರಾದ ಕಂತಿನ, ಬೀಜವನ್ನು ಕಂಪನಿಯೇ ಹಾಜರುಪಡಿಸಬಹುದು. ಈ ತೀರ್ಪಿನ ಪ್ರತಿ ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ.

2019ರ ಗ್ರಾಹಕರ ರಕ್ಷಣಾ ಕಾಯ್ದೆ ಬಂದ ಮೇಲೆ ದಾರಿ ಇನ್ನೂ ಸಲೀಸಾಗಿದೆ. ಕಂಪನಿ ಎಲ್ಲೇ ಇರಲಿ, ರೈತ ತನ್ನ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ (ಹಿಂದಿನ ವೇದಿಕೆಗೆ ಈಗಿನ ಹೆಸರು) ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಂಡ ಬೀಜದ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೇ ಇಲ್ಲ. ಪರಿಹಾರ ಎಷ್ಟೇ ಕೇಳಲಿ, ಲೆಕ್ಕಕ್ಕೆ ಬರುವುದು ಬೀಜಕ್ಕೆ ಕೊಟ್ಟ ದುಡ್ಡು.

ಕಷ್ಟ ಇರುವುದು ಸಾಕ್ಷಿಯಲ್ಲಿ. ಇಲ್ಲಿ ನಿಂತ ಬೆಳೆಯೇ ಸಾಕ್ಷಿ. ಕಟಾವಾಗಿ, ಸಪ್ಪೆ ದನಕ್ಕೆ ಹೋಗಿ, ಹೊಲಕ್ಕೆ ರೋಟಾವೇಟರ್ ಹೊಡೆದ ಮೇಲೆ ಎಂಥ ವಕೀಲ ಬಂದರೂ ತೋರಿಸಲು ಏನೂ ಉಳಿಯಲ್ಲ. ಅದಕ್ಕೇ ಫೋನ್ ಬಂದ ಕೂಡಲೇ ನಾನು ಹೇಳುವ ಮೊದಲ ಮಾತು: "ಯಜಮಾನ್ರೇ, ಬೆಳೆ ಮುಟ್ಟಬೇಡಿ. ಚೀಲ, ಟ್ಯಾಗ್ ಬಿಸಾಡಬೇಡಿ." ಆಮೇಲೆ ರೈತ ಸಂಪರ್ಕ ಕೇಂದ್ರಕ್ಕೂ ಸಹಾಯಕ ಕೃಷಿ ನಿರ್ದೇಶಕರಿಗೂ ಅರ್ಜಿ. ನಕಲಿನ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಲೇಬೇಕು. ವಿಜ್ಞಾನಿಗಳನ್ನು ಸೇರಿಸಿಕೊಂಡು ಜಂಟಿ ಪರಿಶೀಲನೆ ಮಾಡಿ ಅಂತ ಅದರಲ್ಲೇ ಕೇಳುತ್ತೇವೆ. ಅಂಗಡಿಗೂ ಕಂಪನಿಗೂ ಮೊದಲೇ ನೋಟಿಸು ಹೋಗಬೇಕು. ಇಲ್ಲದಿದ್ದರೆ "ನಮ್ಮ ಬೆನ್ನ ಹಿಂದೆ ಮಾಡಿದ ವರದಿ" ಅಂತ ಆಮೇಲೆ ತಳ್ಳಿಹಾಕುತ್ತಾರೆ.

ಜಗಳೂರು ಕಡೆಯ ಒಂದು ಪರಿಶೀಲನೆ ನೆನಪಿನಲ್ಲಿ ಉಳಿದಿದೆ. ಕೆಂಪು ಮಣ್ಣಿನ ಹೊಲ. ಗಿಡ ಎದೆಯುದ್ದ ಬೆಳೆದಿತ್ತು, ದೂರದಿಂದ ನೋಡಿದರೆ ಏನೂ ತೊಂದರೆ ಇಲ್ಲ. ಸಿಪ್ಪೆ ಬಿಡಿಸಿದರೆ ತೆನೆ ಹಲ್ಲುದುರಿದ ಬಾಯಿ ಇದ್ದ ಹಾಗೆ, ಅಲ್ಲೊಂದು ಕಾಳು ಇಲ್ಲೊಂದು ಕಾಳು. ಅಧಿಕಾರಿ ಹತ್ತಾರು ತೆನೆ ನೋಡಿ ಮಹಜರು ಬರೆಯಲು ಕೂತರು. "ಮಳೆ ಕೊರತೆಯಿಂದ ಕಾಳು ಕಟ್ಟಿಲ್ಲ" ಅಂತ ಶುರು ಮಾಡಿದ್ದರು. ಹೊಲದ ಅಜ್ಜ ತಡೆದರು.

"ಸಾರ್, ಮಳೆ ನನ್ನ ಹೊಲ ಒಂದನ್ನೇ ಬಿಟ್ಟು ಹೋತಾ?"

ಬದುವಿನ ಆಚೆ ಅವರ ತಮ್ಮನ ಹೊಲ. ಅದೇ ಮಣ್ಣು, ಅದೇ ಮಳೆ, ಮಾರನೇ ದಿನ ಬಿತ್ತಿದ್ದು. ಗೊಬ್ಬರವೂ ಒಂದೇ. ಬೀಜ ಮಾತ್ರ ಬೇರೆ. ಅಲ್ಲಿ ತೆನೆಯ ತುದಿವರೆಗೂ ಕಾಳು ತುಂಬಿತ್ತು. "ಹಾಗಾದ್ರೆ ಪಕ್ಕದ ಹೊಲವನ್ನೂ ಬರೀರಿ ಸಾರ್" ಅಂತ ನಾನು ಕೇಳಿಕೊಂಡೆ. ಅದು ಈ ತನಿಖೆಗೆ ಸಂಬಂಧ ಇಲ್ಲ ಅಂತ ಕಂಪನಿಯ ಕಡೆಯವರು ಜೋರು ಮಾಡಿದರು. ಬಂದಿದ್ದ ವಿಜ್ಞಾನಿ ಗಟ್ಟಿ ಮನುಷ್ಯ. ಎರಡೂ ಹೊಲದಲ್ಲಿ ಒಂದೇ ಅಳತೆಯ ಜಾಗ ಗುರುತು ಮಾಡಿಸಿದರು. ಗಿಡ ಎಣಿಸಿದರು, ತೆನೆ ಕಿತ್ತು ಕಾಳಿನ ಸಾಲು ಎಣಿಸಿದರು, ಎಲ್ಲವನ್ನೂ ಅಕ್ಕಪಕ್ಕ ಬರೆಸಿದರು. ಕಂಪನಿಯವರು ಸಹಿ ಹಾಕಲಿಲ್ಲ. ಸಹಿ ಹಾಕಲು ಒಪ್ಪಲಿಲ್ಲ ಅನ್ನುವುದೂ ಮಹಜರಿಗೆ ಸೇರಿತು.

ಆಯೋಗದಲ್ಲಿ ಎದುರು ವಕೀಲರು ಎತ್ತುವ ಆಕ್ಷೇಪಗಳು ಹೆಚ್ಚು ಕಡಿಮೆ ಒಂದೇ. ಮಳೆ ಇಲ್ಲ. ಗೊಬ್ಬರ ಸರಿಯಾಗಿ ಕೊಟ್ಟಿಲ್ಲ. 2018ರಲ್ಲಿ ನಮ್ಮ ರಾಜ್ಯದಲ್ಲೇ ಮೊದಲು ಕಾಣಿಸಿಕೊಂಡ ಫಾಲ್ ಆರ್ಮಿವರ್ಮ್, ಅಂದರೆ ಸೈನಿಕ ಹುಳು, ತಿಂದಿದೆ. ಇವೆಲ್ಲ ನಿಜವೇ ಆಗಿದ್ದರೆ ತಮ್ಮನ ಹೊಲವೂ ಹೋಗಬೇಕಿತ್ತಲ್ವಾ? ಆ ಕೇಸು ನಿಂತದ್ದು ಪಕ್ಕದ ಹೊಲದ ಆ ನಾಲ್ಕು ಸಾಲಿನ ಮೇಲೆ. ಅಲ್ಲಿಂದ ಈಚೆಗೆ ನಾನು ಕೊಡಿಸುವ ಪ್ರತಿ ಅರ್ಜಿಯಲ್ಲೂ "ಅಕ್ಕಪಕ್ಕದ ಹೊಲದ ಸ್ಥಿತಿಯನ್ನೂ ದಾಖಲಿಸಬೇಕು" ಅನ್ನುವ ಸಾಲು ಇರುತ್ತದೆ.

ಜೊತೆಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕುತ್ತೇನೆ. ಬೀಜ ನಿರೀಕ್ಷಕರು ಅಂಗಡಿಯಿಂದ ಮಾದರಿ ತೆಗೆದರೆ ಅದನ್ನು ಮೂರು ಪಾಲು ಮಾಡಬೇಕು. ಒಂದು ಅಂಗಡಿಯವರಿಗೆ, ಒಂದು ಲ್ಯಾಬಿಗೆ, ಇನ್ನೊಂದು ಇಲಾಖೆಯಲ್ಲೇ ಉಳಿಯಬೇಕು. ನಮ್ಮ ಲಾಟಿನ ಮಾದರಿ ತೆಗೆದಿದ್ದರೆ ಅದರ ಫಲಿತಾಂಶ ಕೇಳಿ ಪಡೆಯಬಹುದು. ಪರಿಹಾರದ ಲೆಕ್ಕಕ್ಕೆ ಪಕ್ಕದ ಹೊಲದ ಇಳುವರಿ, ಆ ವಾರದ ದಾವಣಗೆರೆ ಎಪಿಎಂಸಿ ದರ ಹಿಡಿಯುತ್ತೇನೆ. ಆಗದೇ ಉಳಿದ ಕಟಾವಿನ ಖರ್ಚನ್ನು ನಾನೇ ಕಳೆಯುತ್ತೇನೆ. ಉಬ್ಬಿಸಿದ ಲೆಕ್ಕ ಕೊಟ್ಟರೆ ನಿಜವಾದ ನಷ್ಟವನ್ನೂ ನಂಬಲ್ಲ.

ನನಗೆ ಜಾಸ್ತಿ ಸಂಕಟ ಕೊಡುವುದು ಬೇರೆಯವರ ಹೊಲವನ್ನು ಲಾವಣಿಗೆ (ಗುತ್ತಿಗೆಗೆ) ಇಲ್ಲವೇ ಕೋರಿಗೆ (ಬೆಳೆಯ ಪಾಲಿಗೆ) ಮಾಡುವವರ ಕೇಸು. ಪಹಣಿ ಹೊಲದ ಯಜಮಾನರ ಹೆಸರಲ್ಲಿ, ದುಡಿಮೆ ಇವರದ್ದು. ಗಂಡ ತೀರಿಕೊಂಡ ಹೆಣ್ಣುಮಕ್ಕಳ ಕಥೆಯೂ ಹಾಗೇ. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರಿಗೆ ಖಾತೆ ಬದಲಾವಣೆ, ಆಗಿರಲ್ಲ, ಪಹಣಿಯಲ್ಲಿ ಇನ್ನೂ ಮಾವನ ಹೆಸರೇ. ಬೆಳೆ ಪರಿಹಾರ, ವಿಮೆ ಅಂತ ಹೋದರೆ ಇವರು ಎಲ್ಲ ಕಡೆ ಹಿಂದೆ ಬೀಳುತ್ತಾರೆ. ಗ್ರಾಹಕರ ಕಾನೂನು ಮಾತ್ರ ಹೊಲ ಯಾರದ್ದು ಅಂತ ಕೇಳಲ್ಲ, ಬೀಜ ಕೊಂಡವರು ಯಾರು ಅಂತ ಕೇಳುತ್ತದೆ. ಒಬ್ಬ ತಾಯಿ ಬಿಲ್ಲು, ಟ್ಯಾಗು ಎರಡನ್ನೂ ದಾರಕ್ಕೆ ಪೋಣಿಸಿ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿಟ್ಟಿದ್ದರು. ಬಿಲ್ಲಿನಲ್ಲಿ ಅವರದ್ದೇ ಹೆಸರು, ಟ್ಯಾಗಿನದ್ದೇ ಲಾಟ್ ನಂಬರು. ಅಕ್ಕಪಕ್ಕದವರ ಪ್ರಮಾಣಪತ್ರ ಸೇರಿಸಿದೆವು. ಆ ಹೊಲ ಮಾಡಿದವರು ಅವರೇ ಅನ್ನುವುದಕ್ಕೆ ಅಷ್ಟು ಸಾಕಾಯಿತು.

ಆದರೆ ಬಿಲ್ಲು ಸಿಗುವುದೇ ದೊಡ್ಡ ಗೋಳು. ಎಷ್ಟೋ ಕಡೆ ಬಿಳಿ ಚೀಟಿಯಲ್ಲಿ ಬರೆದು ಕೊಡುತ್ತಾರೆ. 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ನಗದಿಗೂ ಉದ್ರಿಗೂ ರಸೀದಿ ಕೊಡಲೇಬೇಕು, ದಾಸ್ತಾನು ಮತ್ತು ದರದ ಪಟ್ಟಿ ಅಂಗಡಿಯಲ್ಲಿ ಹಾಕಲೇಬೇಕು. "ಉದ್ರಿ ತಗಂಡೋರು ಬಿಲ್ ಹೆಂಗ್ ಕೇಳೋದು ಸಾರ್?" ಅಂತ ರೈತರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಬೀಜ ಗೊಬ್ಬರ ಸಾಲ ಕೊಟ್ಟವರಿಗೇ ಕಾಳನ್ನೂ ಹಾಕಬೇಕು ಅನ್ನುವ ಕಡೆ ಒಬ್ಬಂಟಿ ರೈತ ಬಾಯಿ ಬಿಡುವುದು ಕಷ್ಟ. ಅದಕ್ಕೇ ನಾವು ಗುಂಪಾಗಿ ಹೋಗುತ್ತೇವೆ. ರೋಹಿಣಿ ಮಳೆಗೆ ಮುಂಚೆಯೇ ಜಂಟಿ ಕೃಷಿ ನಿರ್ದೇಶಕರಿಗೆ ಲಿಖಿತ ಮನವಿ ಕೊಡುತ್ತೇವೆ, ಈ ಆದೇಶದ ಕಲಂ ಬರೆದು ಊರಿನ ಹಾಲಿನ ಡೈರಿ, ಸೊಸೈಟಿ ಗೋಡೆಗೆ ಅಂಟಿಸುತ್ತೇವೆ. ಒಳ್ಳೆಯ ಅಂಗಡಿಯವರು ಇದನ್ನು ಇಷ್ಟಪಡುತ್ತಾರೆ. ಬಿಲ್ಲಿದ್ದರೆ ಹೊಣೆ ಕಂಪನಿವರೆಗೂ ಹೋಗುತ್ತದೆ, ಅವರ ತಲೆಗೇ ಸುತ್ತಿಕೊಳ್ಳಲ್ಲ.

ರಾಜಿಯ ಬಗ್ಗೆ ನನ್ನ ನಿಲುವು ಹೇಳಿಬಿಡುತ್ತೇನೆ. ನೋಟಿಸು ಹೋದ ಮೇಲೆ ಬೀಜದ ದುಡ್ಡು ವಾಪಸ್, ಮುಂದಿನ ವರ್ಷಕ್ಕೆ ಬೀಜ ಫ್ರೀ ಅಂತ ಮಾತು ಬರುತ್ತದೆ. ಕೈಸಾಲದಲ್ಲಿ ಮುಳುಗಿದವರು ವರ್ಷಗಟ್ಟಲೆ ಕಾಯಲಿ ಅಂತ ನಾನು ಹೇಳಲಾರೆ, ತೀರ್ಮಾನ ಅವರದ್ದೇ. ಆದರೆ ಯಾರಿಗೂ ಹೇಳಬಾರದು ಅನ್ನುವ ಷರತ್ತು ಇರುವ ಪತ್ರವನ್ನು ನಾನು ಬರೆದುಕೊಡಲ್ಲ. ಆ ಲಾಟು ಇನ್ನೆಷ್ಟು ಹೊಲಕ್ಕೆ ಹೋಗಿದೆಯೋ. ಗೆದ್ದ ಮೇಲೂ ಕಂಪನಿ ರಾಜ್ಯ ಆಯೋಗಕ್ಕೆ ಅಪೀಲು ಹೋಗಬಹುದು. ಹಳೆಯ ಕಾಯ್ದೆಯಲ್ಲಿ ಅದಕ್ಕೆ ಜಾಸ್ತಿ ಅಂದರೆ 25,000 ರೂಪಾಯಿ ಕಟ್ಟಿದರೆ ಸಾಕಿತ್ತು. ಈಗ ಆದೇಶವಾದ ಮೊತ್ತದ ಅರ್ಧ ಠೇವಣಿ ಇಡಬೇಕು. ಸುಮ್ನೆ ಎಳೆದಾಡಿಸುವುದು ಇದರಿಂದ ಎಷ್ಟೋ ತಗ್ಗಿದೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಹಿಂಜರಿಯುವವರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿ ಉಚಿತ ನೆರವು ಯಾರಿಗೆ ಅನ್ನುವ ಪಟ್ಟಿ ಇದೆ. ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಮಹಿಳೆಯರ ಜೊತೆಗೆ ಬರದಿಂದ ನೊಂದವರೂ ಅದರಲ್ಲಿದ್ದಾರೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರಿನ ಎಷ್ಟು ಜನಕ್ಕೆ ಇದು ಗೊತ್ತಿದೆ? ತಾಲ್ಲೂಕು ಮಟ್ಟದಲ್ಲೂ ಕಾನೂನು ಸೇವಾ ಸಮಿತಿ ಇರುತ್ತದೆ. ಅರ್ಜಿ ಅಲ್ಲೇ ಕೊಡಬಹುದು. ಬೆಳೆ ಇನ್ನೂ ಹೊಲದಲ್ಲಿ ನಿಂತಿದ್ದರೆ ಮೊದಲು ಕೃಷಿ ಇಲಾಖೆಗೆ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಳ್ಳಿ, ಮಾರನೇ ದಿನ ಸಮಿತಿಗೆ ಹೋದರೂ ನಡೆಯುತ್ತದೆ.