ಹತ್ತು ಲಕ್ಷ ಸಮೀಕರಣ, ಒಂದೇ ಲ್ಯಾಪ್‌ಟಾಪ್

ದೋಸೆ ಕಾವಲಿ ಒಲೆಯ ಮೇಲಿದೆ. ಹಿಟ್ಟು ಹುಯ್ದರೆ ನಡುವೆ ಸೀಯುತ್ತದೆ, ಅಂಚಿನಲ್ಲಿ ಹಸಿ ಉಳಿಯುತ್ತದೆ. ಕಾವಲಿಯ ಯಾವ ಜಾಗ ಎಷ್ಟು ಬಿಸಿ ಅಂತ ಲೆಕ್ಕ ಹಾಕುವುದು ಹೇಗೆ?

ಕಾವಲಿ ಚೌಕಾಕಾರದ್ದು ಅಂತ ಇಟ್ಟುಕೊಳ್ಳಿ. ಅದರ ಮೇಲೆ ಗ್ರಾಫ್ ಹಾಳೆಯಂತೆ ಗೆರೆ ಎಳೆಯಿರಿ, ಉದ್ದಕ್ಕೆ 1000 ಚುಕ್ಕಿ, ಅಗಲಕ್ಕೆ 1000 ಚುಕ್ಕಿ. ಕೆಳಗೆ ಬೆಂಕಿ ಇಲ್ಲದ ಜಾಗದಲ್ಲಿ ಒಂದು ಚುಕ್ಕಿಯ ಬಿಸಿ ಅಂದರೆ ಅದರ ನಾಲ್ಕು ನೆರೆಯವರ ಸರಾಸರಿ. ಬೆಂಕಿ ಇದ್ದ ಕಡೆ ಅದರ ಪಾಲೂ ಸೇರುತ್ತದೆ. ಅಂದರೆ, ನನ್ನ ಬಿಸಿಯನ್ನು ನಾಲ್ಕರಿಂದ ಗುಣಿಸಿ, ನೆರೆಯವರ ಬಿಸಿಯನ್ನೆಲ್ಲ ಕಳೆದರೆ ಬೆಂಕಿಯ ಪಾಲು ಸಿಗುತ್ತದೆ. ಚುಕ್ಕಿಗೊಂದು ಸಮೀಕರಣ. ಒಟ್ಟು ಹತ್ತು ಲಕ್ಷ ಸಮೀಕರಣ, ಹತ್ತು ಲಕ್ಷ ಗೊತ್ತಿಲ್ಲದ ಸಂಖ್ಯೆ.

ಅಣೆಕಟ್ಟಿನ ಮೇಲಿನ ಒತ್ತಡ, ವಿಮಾನದ ರೆಕ್ಕೆ ಸುತ್ತ ಗಾಳಿ, ನೆಲದೊಳಗೆ ಹರಿಯುವ ನೀರು, ಯಾವುದನ್ನು ಲೆಕ್ಕ ಹಾಕಿದರೂ ಕೊನೆಗೆ ಹೆಚ್ಚುಕಮ್ಮಿ ಇಂಥದ್ದೇ ರಾಶಿ ಎದುರಾಗುತ್ತದೆ. ಇದನ್ನು ಬಿಡಿಸಲು ಉಚಿತವಾಗಿ ಸಿಗುವ ಪೆಟ್ಸಿ ಎಂಬ ತಂತ್ರಾಂಶವನ್ನು ಬಳಸೋಣ. ಬರೆಯುವಾಗ ಅದರ ಹೆಸರಿನ ನಡುವೆ ಒಂದು ‘ಎಸ್’ ಇದೆ, ಓದುವಾಗ ಇಲ್ಲ. ಅಮೆರಿಕದ ಶಿಕಾಗೊ ಹತ್ತಿರದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 1991ರಲ್ಲಿ ಇದರ ಕೆಲಸ ಶುರುವಾಯಿತು.

ಮೊದಲು, ಸೊನ್ನೆಗಳನ್ನು ಬಿಸಾಡಿ

ಶಾಲೆಯಲ್ಲಿ ಕಲಿತಂತೆ ಇಡೀ ಮ್ಯಾಟ್ರಿಕ್ಸ್ ಬರೆಯಲು ಹೊರಟರೆ ಹತ್ತು ಲಕ್ಷ ಸಾಲು, ಹತ್ತು ಲಕ್ಷ ಕಂಬ. ಒಂದೊಂದು ಸಂಖ್ಯೆಗೆ 8 ಬೈಟ್ ಅಂದರೂ 8 ಟೆರಾಬೈಟ್ ನೆನಪು ಬೇಕು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದು 8 ಅಥವಾ 16 ಗಿಗಾಬೈಟ್. ಹೇಗೋ ಜಾಗ ಹೊಂದಿಸಿದಿರಿ ಅಂತಲೇ ಇಟ್ಟುಕೊಳ್ಳಿ. ಗೊತ್ತಿಲ್ಲದ ಸಂಖ್ಯೆಗಳನ್ನು ಒಂದೊಂದಾಗಿ ತೆಗೆದುಹಾಕುವ ಶಾಲೆಯ ವಿಧಾನ ಹಿಡಿದರೆ, ಸೆಕೆಂಡಿಗೆ ಹತ್ತು ಸಾವಿರ ಕೋಟಿ ಲೆಕ್ಕ ಮಾಡುವ ಯಂತ್ರಕ್ಕೂ ಎರಡೂವರೆ ತಿಂಗಳು ಹಿಡಿಯುತ್ತದೆ.

ಆದರೆ ಸಾಲು ಸಾಲಾಗಿ ನೋಡಿ. ಒಂದು ಚುಕ್ಕಿಗೆ ಸಂಬಂಧ ಇರುವುದು ತನ್ನ ಜೊತೆ ಮತ್ತು ನಾಲ್ಕು ನೆರೆಯವರ ಜೊತೆ ಮಾತ್ರ. ಪ್ರತಿ ಸಾಲಿನಲ್ಲಿ ಹೆಚ್ಚೆಂದರೆ ಐದು ಸಂಖ್ಯೆ, ಮಿಕ್ಕಿದ್ದೆಲ್ಲ ಸೊನ್ನೆ. ಇಂಥ ಮ್ಯಾಟ್ರಿಕ್ಸನ್ನೇ ಸ್ಪಾರ್ಸ್ ಅನ್ನುವುದು. ನಮ್ಮ ಕಾವಲಿಯಲ್ಲಿ ಸೊನ್ನೆಯಲ್ಲದ ಸಂಖ್ಯೆಗಳು ಒಟ್ಟು 49,96,000. ಸಂಖ್ಯೆಗೆ 8 ಬೈಟ್, ಅದು ಯಾವ ಕಂಬದ್ದು ಅಂತ ಗುರುತಿಡಲು 4 ಬೈಟ್. ಎಲ್ಲ ಸೇರಿ ಸುಮಾರು 60 ಮೆಗಾಬೈಟ್. ಮೊಬೈಲಿನಲ್ಲಿ ತೆಗೆದ ಸಣ್ಣ ವಿಡಿಯೊದಷ್ಟು! ಪೆಟ್ಸಿ ಹೀಗೆಯೇ ಕೂಡಿಡುತ್ತದೆ. ಈ ಬಗೆಗೆ ಅದು ಕೊಟ್ಟಿರುವ ಹೆಸರು ಎಐಜೆ.

ಕೂರಿಸುವುದು

ಲಿನಕ್ಸ್ ಇದ್ದರೆ ಸುಲಭ. ವಿಂಡೋಸ್ ಇದ್ದರೆ, ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ ಹಾಕಿಕೊಂಡು ಅದರೊಳಗೆ ಮಾಡಿ, ನೇರವಾಗಿ ಹಾಕಲು ಹೋಗಿ ತಲೆ ಕೆಡಿಸಿಕೊಳ್ಳಬೇಡಿ. ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.

ಪೆಟ್ಸಿಯನ್ನು ಇಳಿಸಿಕೊಂಡು, ಅದರ ಫೋಲ್ಡರಿನೊಳಗೆ ಹೋಗಿ ಹೀಗೆ ಕೊಡಿ:

./ಕಾನ್ಫಿಗರ್ --ವಿತ್-ಡಿಬಗ್ಗಿಂಗ್=0 --ಡೌನ್‌ಲೋಡ್-ಎಂಪಿಚ್ --ಡೌನ್‌ಲೋಡ್-ಎಫ್‌ಬ್ಲಾಸ್‌ಲಪ್ಯಾಕ್

ಮೊದಲಿನದನ್ನು ಮರೆತರೆ ತಪ್ಪು ಹುಡುಕಲು ಅನುಕೂಲವಾಗುವ, ಆದರೆ ನಿಧಾನವಾದ ಪ್ರತಿ ತಯಾರಾಗುತ್ತದೆ. ಎರಡನೆಯದು ಪ್ರೊಸೆಸ್‌ಗಳು, ಅಂದರೆ ಒಟ್ಟಿಗೆ ಓಡುವ ಕಾರ್ಯಕ್ರಮದ ಪ್ರತಿಗಳು, ಒಂದರ ಜೊತೆ ಒಂದು ಮಾತಾಡಲು ಬೇಕಾದ ಎಂಪಿಐ. ಮೂರನೆಯದು ಮೂಲ ಗಣಿತದ ಕಡತಗಳು. ಕಾನ್ಫಿಗರ್ ಮುಗಿದಾಗ ಮುಂದೆ ಯಾವ ಆಜ್ಞೆ ಕೊಡಬೇಕು ಅಂತ ಅದೇ ಪರದೆಯ ಮೇಲೆ ಹೇಳುತ್ತದೆ. ಅದನ್ನು ಹಾಗೇ ಕಾಪಿ ಮಾಡಿ ಹಾಕಿ. ಕಾಫಿ ಕುಡಿದು ಬರುವಷ್ಟು ಹೊತ್ತಂತೂ ಬೇಕು. ಕೊನೆಯಲ್ಲಿ ‘ಮೇಕ್ ಚೆಕ್’ ಕೊಟ್ಟು ಎಲ್ಲ ಸರಿಯಿದೆಯಾ ನೋಡಿಕೊಳ್ಳಿ.

ಮೊದಲ ಓಟ

ಕೋಡ್ ಬರೆಯಬೇಕಿಲ್ಲ. ಪೆಟ್ಸಿಯ ಜೊತೆಗೇ ಪಾಠದ ಉದಾಹರಣೆಗಳು ಬರುತ್ತವೆ. ‘ಎಸ್ಆರ್‌ಸಿ/ಕೆಎಸ್‌ಪಿ/ಕೆಎಸ್‌ಪಿ/ಟ್ಯುಟೋರಿಯಲ್ಸ್’ ಫೋಲ್ಡರಿನ ಇಎಕ್ಸ್2 ನಮ್ಮ ಕಾವಲಿಯದೇ ಮ್ಯಾಟ್ರಿಕ್ಸ್: ನಡುವೆ 4, ನೆರೆಯವರಿಗೆ ಒಂದೊಂದು ಮೈನಸ್ 1. ಇದರ ಉತ್ತರ ಮೊದಲೇ ಗೊತ್ತಿರುತ್ತದೆ, ಎಲ್ಲ ಚುಕ್ಕಿಯಲ್ಲೂ 1 ಬರಬೇಕು. ಹಾಗಾಗಿ ತಪ್ಪು ಎಷ್ಟು, ಊಹೆಯನ್ನು ತಿದ್ದುತ್ತಾ ಹಾಕಿದ ಸುತ್ತು ಎಷ್ಟು ಅಂತ ಕೊನೆಯಲ್ಲಿ ಅದೇ ಒಂದು ಸಾಲು ಬರೆದು ತೋರಿಸುತ್ತದೆ. ‘ಮೇಕ್ ಇಎಕ್ಸ್2’ ಕೊಟ್ಟು, ಆಮೇಲೆ ಇದನ್ನು ಓಡಿಸಿ:

ಎಂಪಿಐಎಕ್ಸೆಕ್ -ಎನ್ 4 ./ಇಎಕ್ಸ್2 -ಎಂ 1000 -ಎನ್ 1000 -ಕೆಎಸ್‌ಪಿ_ವ್ಯೂ -ಕೆಎಸ್‌ಪಿ_ಕನ್ವರ್ಜ್ಡ್_ರೀಸನ್

ಮೊದಲ ‘-ಎನ್ 4’ ಅಂದರೆ ನಾಲ್ಕು ಪ್ರೊಸೆಸ್. ‘-ಎಂ’ ಮತ್ತು ಎರಡನೇ ‘-ಎನ್’ ಚುಕ್ಕಿಗಳ ಲೆಕ್ಕ. ಕೊನೆಯ ಎರಡು, ಹೇಗೆ ಬಿಡಿಸಿತು, ಯಾಕೆ ನಿಲ್ಲಿಸಿತು ಅಂತ ಬರೆದು ತೋರಿಸಲು. ಪ್ರತಿಯೊಂದಕ್ಕೂ ಕಾವಲಿಯ 250 ಸಾಲಿನ ಒಂದು ಪಟ್ಟಿ ಸಿಗುತ್ತದೆ, ಅಂದರೆ ಎರಡೂವರೆ ಲಕ್ಷ ಚುಕ್ಕಿ. ಪಟ್ಟಿಯ ಅಂಚಿನ ಚುಕ್ಕಿಗೆ ಪಕ್ಕದ ಪ್ರೊಸೆಸ್‌ನಲ್ಲಿರುವ ನೆರೆಯವರ ಬೆಲೆ ಬೇಕು, ಅಲ್ವಾ? ಅದನ್ನು ಪ್ರತಿ ಸುತ್ತಿನಲ್ಲೂ ಎಂಪಿಐ ಮೂಲಕ ಕೇಳಿ ಪಡೆಯುತ್ತದೆ. ನಡುವಿನ ಪಟ್ಟಿಗೆ ಎರಡು ಕಡೆಯಿಂದ ಸೇರಿ 2000 ಸಂಖ್ಯೆ ಬಂದರೆ ಸಾಕು. ಸ್ವಂತದ್ದು ಎರಡೂವರೆ ಲಕ್ಷ, ಕಡ ತಂದದ್ದು ಎರಡು ಸಾವಿರ. ಹಂಚಿಕೊಂಡು ಮಾಡುವ ಕೆಲಸ ಗಿಟ್ಟುವುದು ಇದರಿಂದಲೇ.

ಇಲ್ಲೊಂದು ಗುಂಡಿ ಇದೆ, ನಾನು ಬಿದ್ದದ್ದು. ಮೊದಲ ಸಲ ಓಡಿಸಿದಾಗ ಉತ್ತರದ ಸಾಲು ನಾಲ್ಕು ಸಲ ಬಂತು. ನಾಲ್ಕೂ ಒಂದೇ ಥರ. ‘ಆಹಾ, ನಾಲ್ಕು ಪ್ರೊಸೆಸ್ಸೂ ಒಪ್ಪಿಕೊಂಡಿವೆ’ ಅಂತ ಖುಷಿಪಟ್ಟೆ. ಆಗಿದ್ದೇ ಬೇರೆ. ಲ್ಯಾಪ್‌ಟಾಪಿನಲ್ಲಿ ಹಿಂದೆ ಯಾವಾಗಲೋ ಹಾಕಿದ್ದ ಇನ್ನೊಂದು ಎಂಪಿಐ ಇತ್ತು. ನಾನು ಕೊಟ್ಟ ಆಜ್ಞೆ ಅದಕ್ಕೆ ಹೋಗಿತ್ತು. ಅದು ನಾಲ್ಕು ಪ್ರತಿಗಳನ್ನು ಎಬ್ಬಿಸಿತ್ತು, ಆದರೆ ಒಂದಕ್ಕೊಂದು ಪರಿಚಯವೇ ಇರಲಿಲ್ಲ. ಪ್ರತಿಯೊಂದೂ ತಾನೊಬ್ಬನೇ ಅಂದುಕೊಂಡು ಇಡೀ ಕಾವಲಿಯನ್ನು ಬಿಡಿಸಿತ್ತು. ಒಂದು ಮಧ್ಯಾಹ್ನ ಪೂರ್ತಿ ಹಾಳು. ಪೆಟ್ಸಿ ತಾನೇ ಕಟ್ಟಿಕೊಂಡ ಎಂಪಿಐಎಕ್ಸೆಕ್ ಅದರ ಫೋಲ್ಡರಿನೊಳಗೆ ‘ಆರ್ಚ್’ ಅಂತ ಶುರುವಾಗುವ ಫೋಲ್ಡರಿನ ‘ಬಿನ್’ನಲ್ಲಿ ಇರುತ್ತದೆ, ಅದನ್ನೇ ಬಳಸಿ. ಕೆಎಸ್‌ಪಿ_ವ್ಯೂ ಬರೆದದ್ದರಲ್ಲಿ ಮ್ಯಾಟ್ರಿಕ್ಸಿನ ಬಗೆ ‘ಎಂಪಿಐಎಐಜೆ’ ಅಂತಿದ್ದರೆ ಹಂಚಿಕೆಯಾಗಿದೆ. ಬರೀ ‘ಸೆಕ್ಎಐಜೆ’ ಮಾತ್ರ ಇದ್ದರೆ ಒಬ್ಬನೇ ದುಡಿಯುತ್ತಿದ್ದಾನೆ.

ಸುತ್ತು ಯಾಕೆ ಮುಗಿಯುವುದಿಲ್ಲ?

ಏನೂ ಹೇಳದಿದ್ದರೆ ಪೆಟ್ಸಿ ಜಿಎಂಆರ್‌ಇಎಸ್ ಎಂಬ ವಿಧಾನ ಹಿಡಿಯುತ್ತದೆ. ಅದು ಎಲ್ಲ ಬಗೆಯ ಮ್ಯಾಟ್ರಿಕ್ಸಿಗೂ ನಡೆಯುತ್ತದೆ. ಆದರೆ ನಮ್ಮ ಕಾವಲಿಯಂಥ ದೊಡ್ಡ ಲೆಕ್ಕದಲ್ಲಿ ಸುತ್ತುತ್ತಲೇ ಇರುತ್ತದೆ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಅಂದರೆ ಇನ್ನಷ್ಟು ಪ್ರೊಸೆಸ್ ಹಾಕುವುದು. ತಡೆಯಿರಿ. ತೊಂದರೆ ಎಲ್ಲಿದೆ ಅಂತ ಕಾಗದದ ಮೇಲೆ ನೋಡಿಬಿಡೋಣ.

ಕಾವಲಿ ಬಿಡಿ, ಒಂದು ಕಬ್ಬಿಣದ ಸಲಾಕೆ ತಗೊಳ್ಳಿ. ಎಡತುದಿ 100 ಡಿಗ್ರಿ, ಬಲತುದಿ 0. ನಡುವೆ ಮೂರು ಚುಕ್ಕಿ. ಸರಿಯುತ್ತರ 75, 50, 25 ಅಂತ ನೋಡಿದರೇ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಗೊತ್ತಿಲ್ಲ. ಅದು 0, 0, 0 ಅಂತ ಶುರು ಮಾಡಿ, ಪ್ರತಿ ಸುತ್ತಿನಲ್ಲಿ ಪ್ರತಿ ಚುಕ್ಕಿಗೂ ಅಕ್ಕಪಕ್ಕದವರ ಸರಾಸರಿ ಕೊಡುತ್ತದೆ. ಮೊದಲ ಸುತ್ತಿಗೆ 50, 0, 0. ಎರಡಕ್ಕೆ 50, 25, 0. ಮೂರಕ್ಕೆ 62.5, 25, 12.5. ನಾಲ್ಕಕ್ಕೆ 62.5, 37.5, 12.5.

ಮೂರನೇ ಚುಕ್ಕಿಯನ್ನು ಗಮನಿಸಿ. ಎಡಗಡೆ 100 ಡಿಗ್ರಿ ಇದೆ ಅನ್ನುವ ಸುದ್ದಿ ಅದಕ್ಕೆ ಮುಟ್ಟಿದ್ದೇ ಮೂರನೇ ಸುತ್ತಿನಲ್ಲಿ. ಮದುವೆ ಊಟದ ಪಂಕ್ತಿಯಲ್ಲಿ ಆ ತುದಿಯವರು ಸಾರು ಕೇಳಿದ್ದನ್ನು ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಹಾಕಿ ಈ ತುದಿಗೆ ತಲುಪಿಸಿದಂತೆ. ಪಂಕ್ತಿಯಲ್ಲಿ ಸಾವಿರ ಜನ ಕೂತಿದ್ದರೆ ಸುದ್ದಿ ಮುಟ್ಟಲಿಕ್ಕೇ ಸಾವಿರ ಸುತ್ತು. ಬಡಿಸುವವರನ್ನು ಎಷ್ಟು ಹೆಚ್ಚಿಸಿದರೂ ಈ ಸಾವಿರ ಕಮ್ಮಿಯಾಗುವುದಿಲ್ಲ.

ಸರಾಸರಿ ಹಾಕುವುದಕ್ಕಿಂತ ಜಾಣ ದಾರಿ ಇದೆ. 1952ರಲ್ಲಿ ಹೆಸ್ಟೆನೆಸ್ ಮತ್ತು ಸ್ಟೀಫೆಲ್ ಎಂಬ ಇಬ್ಬರು ಗಣಿತಜ್ಞರು ಪ್ರಕಟಿಸಿದ ಕಾಂಜುಗೇಟ್ ಗ್ರೇಡಿಯಂಟ್, ಅಂದರೆ ಸಿಜಿ. ನಮ್ಮ ಕಾವಲಿಯ ಮ್ಯಾಟ್ರಿಕ್ಸ್ ಸಮಮಿತಿಯದು: ನಾನು ನಿನಗೆ ಎಷ್ಟು ನಂಟೋ ನೀನು ನನಗೂ ಅಷ್ಟೇ. ಇಂಥ ಕಾವಲಿಗೆ ಸಿಜಿಯೇ ಸರಿ. ಆದರೆ ಅದರಲ್ಲೂ ಸುದ್ದಿ ಸುತ್ತಿಗೆ ಒಂದು ಮನೆ ದಾಟುತ್ತದೆ ಅಷ್ಟೇ. ಚುಕ್ಕಿಗಳನ್ನು ಎರಡೂ ದಿಕ್ಕಿನಲ್ಲಿ ಇಮ್ಮಡಿ ಮಾಡಿದರೆ ಸುತ್ತೂ ಸುಮಾರು ಇಮ್ಮಡಿ.

ಇದನ್ನು ಮುರಿಯುವುದು ಪ್ರಿಕಂಡಿಷನರ್, ಅಂದರೆ ಲೆಕ್ಕವನ್ನು ಬೇಗ ಬಿಡಿಸಲು ಆಗುವಂತೆ ಮೊದಲೇ ಹದ ಮಾಡಿಕೊಡುವ ವಿಧಾನ, ಅದರಲ್ಲೂ ಮಲ್ಟಿಗ್ರಿಡ್. ಬೀದರಿನ ಸುದ್ದಿ ಚಾಮರಾಜನಗರಕ್ಕೆ ಹೋಗಬೇಕಾದರೆ ಮನೆ ಮನೆ ಹಾಯ್ದು ಹೋಗುತ್ತದಾ? ತಾಲ್ಲೂಕು, ಜಿಲ್ಲೆ, ರಾಜಧಾನಿ ಅಂತ ಮೇಲೇರಿ ಆ ಕಡೆ ಇಳಿಯುತ್ತದೆ. ಮಲ್ಟಿಗ್ರಿಡ್ ಮಾಡುವುದೂ ಇದನ್ನೇ. ಅಕ್ಕಪಕ್ಕದ ಚುಕ್ಕಿಗಳನ್ನು ಗುಂಪು ಮಾಡಿ ಚಿಕ್ಕ ಕಾವಲಿ ಮಾಡಿಕೊಳ್ಳುತ್ತದೆ, ಅದರಿಂದ ಇನ್ನೂ ಚಿಕ್ಕದು. ತೀರಾ ಚಿಕ್ಕದನ್ನು ನೇರವಾಗಿ ಬಿಡಿಸಿ, ಉತ್ತರವನ್ನು ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ತರುತ್ತದೆ. ಪೆಟ್ಸಿಯಲ್ಲಿರುವ ಜಿಎಎಂಜಿ ಈ ಗುಂಪುಗಳನ್ನು ಮ್ಯಾಟ್ರಿಕ್ಸ್ ನೋಡಿಯೇ ಕಂಡುಕೊಳ್ಳುತ್ತದೆ. ನಿಮ್ಮ ಕಾವಲಿ ಚೌಕವೋ ದುಂಡೋ ಅಂತ ಅದಕ್ಕೆ ಹೇಳಬೇಕಿಲ್ಲ.

ಈಗ ನಾಲ್ಕು ಸಲ ಓಡಿಸಿ. ಮೊದಲು 1000 ಚುಕ್ಕಿಗೆ ‘-ಕೆಎಸ್‌ಪಿ_ಟೈಪ್ ಸಿಜಿ -ಪಿಸಿ_ಟೈಪ್ ಜಕೋಬಿ’, ಆಮೇಲೆ ತೀರಾ ಸರಳ ಪ್ರಿಕಂಡಿಷನರ್ ಆದ ಈ ಜಕೋಬಿ ತೆಗೆದು ಜಿಎಎಂಜಿ. ಇದನ್ನೇ 2000 ಚುಕ್ಕಿಗೂ ಮಾಡಿ. ನಾಲ್ಕಕ್ಕೂ ‘-ಕೆಎಸ್‌ಪಿ_ಆರ್‌ಟಾಲ್ 1ಇ-8’ ಸೇರಿಸಿ. ಶುರುವಿನ ತಪ್ಪು ಹತ್ತು ಕೋಟಿಯಲ್ಲೊಂದು ಪಾಲಿಗೆ ಇಳಿದಾಗ ನಿಲ್ಲಿಸು ಅಂತ ಅದರ ಅರ್ಥ. ಜಕೋಬಿಯ ಸುತ್ತು ಸಾವಿರದ ಲೆಕ್ಕದಲ್ಲಿ ಇರುತ್ತದೆ, ಕಾವಲಿ ಹಿಗ್ಗಿದಂತೆ ಅದೂ ಹಿಗ್ಗುತ್ತದೆ. ಜಿಎಎಂಜಿಯಲ್ಲಿ ಸುತ್ತು ಎರಡೂ ಸಲ ಹೆಚ್ಚುಕಮ್ಮಿ ಅಷ್ಟೇ. ಒಂದೊಂದು ಸುತ್ತಿಗೆ ಕೆಲಸ ಜಾಸ್ತಿ, ಗುಂಪು ಕಟ್ಟಲು ಮೊದಲಿಗೆ ಸ್ವಲ್ಪ ಹೊತ್ತೂ ಬೇಕು, ಆದರೂ ಒಟ್ಟಿನಲ್ಲಿ ಲಾಭ. ಯಂತ್ರಕ್ಕೆ ಖರ್ಚು ಮಾಡುವ ಮೊದಲು ಈ ಒಂದು ಪದ ಬದಲಿಸಿ ನೋಡಿ ಅನ್ನುವುದೇ ನಾನು ಹೇಳುವುದು.

ಉತ್ತರ ನಂಬಬಹುದಾ?

ಕನ್ವರ್ಜ್ಡ್_ರೀಸನ್ ಕೊಟ್ಟ ಸಾಲಿನಲ್ಲಿ ‘ಕನ್ವರ್ಜ್ಡ್’ ಇದ್ದರೆ ಸರಿ. ‘ಡೈವರ್ಜ್ಡ್_ಐಟಿಎಸ್’ ಇದ್ದರೆ ಸುತ್ತಿನ ಮಿತಿ ಮುಗಿಯಿತು, ಉತ್ತರ ಬಂದಿಲ್ಲ. ಕಾರ್ಯಕ್ರಮ ಕಿರುಚುವುದಿಲ್ಲ, ಸುಮ್ನೆ ಅರ್ಧ ಬೆಂದ ಉತ್ತರ ಕೊಟ್ಟು ಹೋಗುತ್ತದೆ. ಇನ್ನೊಂದು ವಿಷಯ, ಪೆಟ್ಸಿ ಸಾಮಾನ್ಯವಾಗಿ ಅಳೆಯುವುದು ಪ್ರಿಕಂಡಿಷನರ್ ದಾಟಿ ಬಂದ ತಪ್ಪನ್ನು. ಪ್ರಿಕಂಡಿಷನರ್ ಕೆಟ್ಟದಿದ್ದರೆ ಆ ಅಂಕಿ ಚೆನ್ನಾಗಿ ಕಂಡು, ನಿಜವಾದ ತಪ್ಪು ದೊಡ್ಡದೇ ಉಳಿದಿರಬಹುದು. ‘-ಕೆಎಸ್‌ಪಿ_ಮಾನಿಟರ್_ಟ್ರೂ_ರೆಸಿಡ್ಯುಯಲ್’ ಹಾಕಿದರೆ ಎರಡೂ ಪಕ್ಕಪಕ್ಕದಲ್ಲಿ ಕಾಣುತ್ತವೆ.

ಎಷ್ಟು ಪ್ರೊಸೆಸ್?

‘-ಲಾಗ್_ವ್ಯೂ’ ಸೇರಿಸಿ 1, 2, 4, 8 ಪ್ರೊಸೆಸ್‌ನಲ್ಲಿ ಓಡಿಸಿ, ಸಮಯ ಬರೆದಿಟ್ಟುಕೊಳ್ಳಿ. ಎಂಟು ಹಾಕಿದರೆ ಎಂಟು ಪಟ್ಟು ವೇಗ ಅಂದುಕೊಂಡವರಿಗೆ ನಿರಾಸೆ ಕಾದಿದೆ. ಸ್ಪಾರ್ಸ್ ಲೆಕ್ಕದಲ್ಲಿ ನೆನಪಿನಿಂದ 12 ಬೈಟ್ ತಂದು ಮಾಡುವುದು ಒಂದು ಗುಣಾಕಾರ, ಒಂದು ಕೂಡುವಿಕೆ. ಕೆಲಸ ಕಮ್ಮಿ, ಓಡಾಟ ಜಾಸ್ತಿ. ಅಡುಗೆಮನೆಯಲ್ಲಿ ಒಲೆ ಎಂಟಿದ್ದು ನಲ್ಲಿ ಒಂದೇ ಇದ್ದರೆ ಎಲ್ಲರೂ ಕೊಡ ಹಿಡಿದು ಸಾಲಲ್ಲಿ ನಿಲ್ಲಬೇಕು. ಲ್ಯಾಪ್‌ಟಾಪಿನ ನೆನಪೂ ಹಾಗೇ, ಮೂರ್ನಾಲ್ಕು ಪ್ರೊಸೆಸ್‌ಗೇ ನಲ್ಲಿ ಪೂರ್ತಿ ತೆರೆದಿರುವುದುಂಟು. ಪೆಟ್ಸಿ ಫೋಲ್ಡರಿನಲ್ಲಿ ‘ಮೇಕ್ ಸ್ಟ್ರೀಮ್ಸ್’ ಕೊಟ್ಟರೆ ನಿಮ್ಮ ಯಂತ್ರದ ನಲ್ಲಿ ಎಷ್ಟು ದಪ್ಪ ಅಂತ ತಿಳಿಯುತ್ತದೆ.

ಅದಕ್ಕೇ ದೊಡ್ಡ ಲೆಕ್ಕಗಳನ್ನು ಬೇರೆ ಬೇರೆ ನಲ್ಲಿಯಿರುವ ನೂರಾರು ಯಂತ್ರ ಜೋಡಿಸಿದ ಕ್ಲಸ್ಟರಿನಲ್ಲಿ ಓಡಿಸುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಅಂಥದ್ದು. ನೀವು ಬರೆದ ಕಾರ್ಯಕ್ರಮ ಬದಲಾಗಬೇಕಿಲ್ಲ. ಅಲ್ಲಿ ಹೊಸದಾಗಿ ಕಂಪೈಲ್ ಮಾಡಿ, ಮೊದಲ ‘-ಎನ್’ ಮುಂದಿನ ಅಂಕಿ ಬದಲಿಸಿದರಾಯಿತು.

ನಿಮ್ಮದೇ ಮ್ಯಾಟ್ರಿಕ್ಸ್ ಇದ್ದರೆ ಪೈಥಾನಿನಲ್ಲಿ ಪೆಟ್ಸಿ4ಪೈ ಮೂಲಕ ತುಂಬಬಹುದು. ಸಮಮಿತಿ ಇಲ್ಲದಿದ್ದರೆ, ಉದಾಹರಣೆಗೆ ಗಾಳಿಯ ಹರಿವಿನ ಲೆಕ್ಕಕ್ಕೆ, ಸಿಜಿ ಬಿಟ್ಟು ಜಿಎಂಆರ್‌ಇಎಸ್‌ಗೆ ಮರಳಿ. ಯಾವ ಆಯ್ಕೆಯೂ ದಡ ಮುಟ್ಟದಿದ್ದರೆ ಲೆಕ್ಕವನ್ನು ಚಿಕ್ಕದು ಮಾಡಿ, ಒಂದೇ ಪ್ರೊಸೆಸ್‌ನಲ್ಲಿ ‘-ಪಿಸಿ_ಟೈಪ್ ಎಲ್‌ಯು’ ಹಾಕಿ ನೇರವಾಗಿ ಬಿಡಿಸಿ ನೋಡಿ. ಅದಕ್ಕೂ ಅಸಂಬದ್ಧ ಉತ್ತರ ಬಂದರೆ ತಪ್ಪು ಬಿಡಿಸುವ ವಿಧಾನದ್ದಲ್ಲ, ಬಹುಶಃ ನೀವು ತುಂಬಿದ ಮ್ಯಾಟ್ರಿಕ್ಸಿನದೇ. ಕ್ಲಸ್ಟರ್ ಸಿಕ್ಕಿತು ಅಂತ ಕಂಡಾಪಟ್ಟೆ ಪ್ರೊಸೆಸ್ ಕೇಳಬೇಡಿ. ಒಂದೊಂದಕ್ಕೆ ಕನಿಷ್ಠ ಹತ್ತು ಸಾವಿರ ಚುಕ್ಕಿ ಸಿಗಬೇಕು ಅಂತ ಪೆಟ್ಸಿಯವರೇ ಹೇಳುತ್ತಾರೆ. ಹತ್ತು ಲಕ್ಷ ಚುಕ್ಕಿಯ ಈ ಕಾವಲಿಗೆ ನೂರು ದಾಟಿದರೆ ಲೆಕ್ಕಕ್ಕಿಂತ ಮಾತುಕತೆಯಲ್ಲೇ ಹೊತ್ತು ಹೋಗುತ್ತದೆ.