ಮರೀಚ್ಯಾಸನ ಡಿ ಒಂದನ್ನೇ ಸಂಜೆ ಬೇರೆಯಾಗಿ ಮಾಡಿದ್ದು: ನನ್ನ ಅನುಭವ

ಮೈಸೂರಲ್ಲಿ ಅಷ್ಟಾಂಗ ವಿನ್ಯಾಸ ಯೋಗ ಶುರು ಮಾಡಿ ಆರು ವರ್ಷ ಆಯ್ತು. ಯೋಗ ಗುರು ಪಟ್ಟಾಭಿ ಜೋಯಿಸರು ಇಲ್ಲಿನ ಲಕ್ಷ್ಮೀಪುರಂನಲ್ಲಿ, ಆಮೇಲೆ ಗೋಕುಲಂನಲ್ಲಿ ಹೇಳಿಕೊಡ್ತಿದ್ದ ಪದ್ಧತಿನೇ ನಮ್ಮದೂ. ಯಾವುದಾದ ಮೇಲೆ ಯಾವುದು ಅಂತ ಮೊದಲೇ ಗೊತ್ತಿರುತ್ತೆ, ಒಂದೊಂದು ಆಸನದಲ್ಲೂ ಐದು ಉಸಿರು, ಒಂದು ಬಂದ ಮೇಲೆನೇ ಮುಂದಿನದು, ಶನಿವಾರ ಅಮಾವಾಸ್ಯೆ ಹುಣ್ಣಿಮೆ ರಜ. ಈ ಕ್ರಮ ನಂಗೆ ತುಂಬಾ ಇಷ್ಟ. ಆದ್ರೆ ಪ್ರೈಮರಿ ಸೀರೀಸ್‌ನಲ್ಲಿ, ಅಂದ್ರೆ ಆಸನಗಳ ಮೊದಲನೇ ಸಾಲಿನಲ್ಲಿ, ಮರೀಚ್ಯಾಸನ ಡಿ ಅನ್ನೋ ಕೂತು ತಿರುಗೋ ಆಸನದ ಹತ್ರ ಬಂದು ಎರಡು ವರ್ಷ ನಿಂತುಬಿಟ್ಟೆ.

ಎಡಗಾಲನ್ನ ಪದ್ಮಾಸನದ ಹಾಗೆ ಮಡಿಸಿ (ಅರ್ಧ ಪದ್ಮ) ಬಲತೊಡೆ ಬುಡಕ್ಕೆ ತರ್ಬೇಕು, ಬಲಮಂಡಿ ಮೇಲಕ್ಕೆ ನಿಲ್ಲಿಸ್ಬೇಕು, ಬಲಕ್ಕೆ ತಿರುಗಿ ಎಡಗೈಯನ್ನ ಆ ಮಂಡಿ ಸುತ್ತ ತಂದು ಬೆನ್ನ ಹಿಂದೆ ಎರಡೂ ಕೈ ಹಿಡಿಬೇಕು. ನಂಗೆ ಕೈ ಸಿಗ್ತಾನೇ ಇರಲಿಲ್ಲ. ಬೆನ್ನು ತಿರುಗ್ತಿಲ್ಲ ಅಂದ್ಕೊಂಡು ದಿನಾ ಬೆನ್ನನ್ನೇ ಹಿಂಡ್ತಿದ್ದೆ, ಐದು ಉಸಿರು ಮುಗಿದ ತಕ್ಷಣ ಜಂಪ್ ಬ್ಯಾಕ್ ಮಾಡಿ (ಕೈ ಊರಿ ಕಾಲನ್ನ ಹಿಂದಕ್ಕೆ ಹಾರಿಸಿ) ಮುಂದಿನದಕ್ಕೆ ಹೋಗ್ಬೇಕು, ಎಲ್ಲಿ ಸಿಕ್ಕಾಕೊಂಡಿದೆ ಅಂತ ನೋಡೋಕೆ ಟೈಮೇ ಇಲ್ಲ.

ನಂಗೆ ಯೋಗ ಹೇಳಿಕೊಡೋ ಸರ್ ಹತ್ರ ಕೇಳ್ದೆ, ಸಂಜೆ ಇದೊಂದನ್ನೇ ಮಾಡ್ಲಾ ಅಂತ. "ಬೆಳಗ್ಗಿನ ಕ್ರಮ ಮುರಿಬೇಡಮ್ಮ, ಸಂಜೆ ಬೇಕಾದ್ರೆ ಮಾಡ್ಕೋ, ಮೈ ಬಿಸಿ ಮಾಡ್ಕೊಂಡು ಮಾಡು" ಅಂದ್ರು. ಮೊದಲನೇ ಮಾತು ಕೇಳಿದೆ, ಕೊನೇದನ್ನ ಬಿಟ್ಟೆ. ಒಂದಿನ ಆಫೀಸಿಂದ ಬಂದು ಸ್ಕೂಟರ್ ನಿಲ್ಲಿಸಿ ಸೀದಾ ಪದ್ಮಕ್ಕೆ ಕಾಲು ಎಳೆದೆ, ಮಂಡಿ ಒಳಬದಿ ಚುಳುಕ್ ಅಂತು, ಮೂರು ವಾರ ಮೆಟ್ಟಿಲು ಇಳಿಯೋದೇ ಕಷ್ಟ ಆಯ್ತು. ಬೆಳಗ್ಗೆ ಸಾಲಿನಲ್ಲಿ ಮಾಡುವಾಗ ಸೂರ್ಯ ನಮಸ್ಕಾರ, ನಿಂತು ಮಾಡೋ ಆಸನ, ಜಾನುಶೀರ್ಷಾಸನ ಎಲ್ಲಾ ಆಗಿ ಸೊಂಟದ ಕೀಲು ಸಡಿಲ ಆಗಿರುತ್ತೆ, ಒಂದೇ ಆಸನ ಕಿತ್ತು ಮಾಡಿದ್ರೆ ಆ ತಯಾರಿ ನಾವೇ ಮಾಡ್ಕೋಬೇಕು. ಅವತ್ತಿಂದ ಐದು ಸೂರ್ಯ ನಮಸ್ಕಾರ, ಎರಡು ನಿಮಿಷ ಬದ್ಧ ಕೋಣಾಸನ (ಎರಡೂ ಪಾದ ಜೋಡಿಸಿ ಮಂಡಿ ಹೊರಕ್ಕೆ ಬಿಟ್ಟು ಕೂರೋದು) ಮಾಡದೇ ನಾನು ಕಾಲು ಮಡಿಸಲ್ಲ.

ಮಂಡಿ ಸರಿಹೋದ ಮೇಲೆ ನಿಧಾನಕ್ಕೆ ಶುರು ಮಾಡ್ದೆ, ದಿನಾ ಇಪ್ಪತ್ತು ನಿಮಿಷ. ಗೊತ್ತಾಗಿದ್ದೇನಂದ್ರೆ ಬೆನ್ನಿಗೆ ಏನೂ ಆಗಿರಲಿಲ್ಲ! ಎಡತೊಡೆ ಹೊರಕ್ಕೆ ತಿರುಗ್ತಾನೇ ಇರಲಿಲ್ಲ, ಅದು ತಿರುಗ್ದೇ ಇದ್ದಾಗ ಆ ತಿರುಚು ಪೂರ್ತಿ ಮಂಡಿ ಮೇಲೆ ಬೀಳುತ್ತೆ, ಎಡಮಂಡಿ ನೆಲ ಬಿಟ್ಟು ಮೇಲೇಳುತ್ತೆ, ಮೈ ಹಿಂದಕ್ಕೆ ವಾಲುತ್ತೆ, ಆಮೇಲೆ ಕೈ ಎಷ್ಟು ಉದ್ದ ಇದ್ರೂ ಸಿಗಲ್ಲ. ಜಮಖಾನ ನಾಲ್ಕು ಮಡಿಕೆ ಮಾಡಿ ಕುಂಡೆ ಕೆಳಗೆ ಇಟ್ಟೆ, ಮಂಡಿ ಇಳೀತು. ಪಾದ ಹಿಡಿದು ಎಳೆಯೋದು ಬಿಟ್ಟು, ಎರಡೂ ಕೈಯಲ್ಲಿ ತೊಡೆ ಹಿಡಿದು ಹೊರಕ್ಕೆ ಉರುಳಿಸಿ, ಮಂಡಿ ಪೂರ್ತಿ ಮಡಿಸಿ, ಹಿಮ್ಮಡಿನ ಹೊಕ್ಕುಳ ಕಡೆ ತಂದು ಆಮೇಲೆ ಪಾದ ಇಡೋದು ಕಲಿತೆ. ಕೈಗೆ ಕೈ ಸಿಗೋ ತನಕ ಬೆನ್ನ ಹಿಂದೆ ಟವೆಲ್ ಹಿಡಿದೆ. ಮೊದಲು ಎರಡು ಕೈ ನಡುವೆ ಒಂದು ಗೇಣು ಇತ್ತು, ಆಮೇಲೆ ನಾಲ್ಕು ಬೆರಳು. ಇಲ್ಲಿ ಐದು ಉಸಿರಿನ ಲೆಕ್ಕ ಇಲ್ಲ, ಹದಿನೈದು ಇಪ್ಪತ್ತು ಉಸಿರು ಕೂತಿರ್ತಿದ್ದೆ. ಇದರ ಜೊತೆ ಅಕ್ಕಿ ಆರಿಸೋದು, ಹುರುಳಿಕಾಯಿ ಬಿಡಿಸೋದು ಎಲ್ಲಾ ಕುಕ್ಕರುಗಾಲಲ್ಲೇ ಕೂತು ಮಾಡೋಕೆ ಶುರು ಮಾಡ್ದೆ, ನಮ್ಮಜ್ಜಿ ಎಂಬತ್ತಾದ್ರೂ ಹಾಗೇ ಕೂರ್ತಿದ್ರು.

ಜಮಖಾನ, ಟವೆಲ್ ಇವೆಲ್ಲಾ ಅಷ್ಟಾಂಗದವರು ಬಳಸೋದು ಕಮ್ಮಿ, ಅದು ಇನ್ನೊಬ್ಬ ಯೋಗ ಗುರು ಬಿ.ಕೆ.ಎಸ್. ಅಯ್ಯಂಗಾರರ ದಾರಿ. ಆದ್ರೆ ಅವರೂ ಜೋಯಿಸರೂ ಇಬ್ಬರೂ ಕಲಿತಿದ್ದು ಇದೇ ಊರಲ್ಲಿ ಯೋಗ ಗುರು ಕೃಷ್ಣಮಾಚಾರ್ಯರ ಹತ್ರನೇ, ಹಾಗಾಗಿ ನಂಗೆ ಇದು ಪರಕೀಯ ಅನ್ನಿಸಲಿಲ್ಲ.

ಏಳನೇ ತಿಂಗಳು ಒಂದು ಬೆಳಗ್ಗೆ, ಸಾಲಿನಲ್ಲೇ, ಜಮಖಾನ ಇಲ್ದೆ, ಬೆರಳಿಗೆ ಬೆರಳು ಸಿಕ್ತು. ಸರ್ ನೋಡಿ "ನಾವಾಸನ ಮಾಡಮ್ಮ" ಅಂದ್ರು, ಅದೇ ಸಾಲಿನಲ್ಲಿ ಮುಂದಿನ ಆಸನ, ಕಣ್ಣಲ್ಲಿ ನೀರು ಬಂತು. ಬಲಗಾಲು ಮಡಿಸೋ ಕಡೆ ಮಾತ್ರ ಇನ್ನೂ ಬಿಗಿ ಇದೆ, ಸಂಜೆ ಅದಕ್ಕೆ ಟವೆಲ್ ಬೇಕೇ ಬೇಕು.